ಅಪ್ಪನ ಮಬ್ಬು ಕಣ್ಣು, ನನ್ನ ಪೆನ್ಸಿಲ್ ಹಕ್ಕಿ

ನಮ್ಮ ಬಾಲ್ಕನಿಯ ಮೂಲೆಯಲ್ಲಿ ಒಣಗಿದ ದಾಸವಾಳದ ಕುಂಡವೊಂದಿದೆ. ಎಸೀಬೇಕು ಎಸೀಬೇಕು ಅಂತ ಆರು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದೆ. ಮಾರ್ಚ್ ಮೊದಲ ವಾರ ಒಂದು ಬೆಳಗ್ಗೆ ಕಾಫಿ ಹಿಡಿದು ಹೋದರೆ ಕುಂಡದಿಂದ ಪಟಪಟ ಅಂತ ಹಕ್ಕಿಯೊಂದು ಎದ್ದು ಹಾರಿತು. ಒಳಗೆ ಹತ್ತಿಪ್ಪತ್ತು ಒಣಕಡ್ಡಿ, ಕಡ್ಡಿಗಳ ಮೇಲೆ ಎರಡು ಬಿಳಿ ಮೊಟ್ಟೆ. ಗೂಡು ಅನ್ನೋಕೂ ಸಂಕೋಚವಾಗುವಂಥ ಗೂಡು. ಹತ್ತು ನಿಮಿಷದಲ್ಲಿ ಹಕ್ಕಿ ವಾಪಸ್ ಬಂದು, ಏನೂ ಆಗಿಲ್ಲವೆಂಬಂತೆ ಕಾವಿಗೆ ಕೂತಿತು.

ಚುಕ್ಕೆ ಬೆಳವ. ಕೆಲವು ಕಡೆ ಚೋರೆ ಹಕ್ಕಿ ಅಂತಲೂ ಕರೆಯುತ್ತಾರೆ. ಬೂದು ತಲೆ, ಮಾಸಲು ಗುಲಾಬಿ ಎದೆ, ಕಂದು ರೆಕ್ಕೆ. ಕುತ್ತಿಗೆಯ ಹಿಂಭಾಗದಲ್ಲಿ ಕಪ್ಪು ಶಾಲು ಹೊದ್ದ ಹಾಗೆ ಒಂದು ಪಟ್ಟಿ, ಅದರ ತುಂಬ ಬಿಳಿ ಚುಕ್ಕೆ. ಬೆಂಗಳೂರಿನಲ್ಲಿ ನಿಮ್ಮ ಕಿಟಕಿಯ ಹತ್ತಿರವೂ ಇದು ‘ಗುಟುರ್ರ್’ ಅಂದೇ ಇರುತ್ತದೆ. ನಾವು ತಲೆ ಎತ್ತಿ ನೋಡಿರುವುದಿಲ್ಲ, ಅಷ್ಟೆ.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವಳು. ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ. ಹಕ್ಕಿ ಕೂತಲ್ಲೇ ಕೂತಿರುತ್ತದಲ್ಲ, ಬಿಡಿಸೋಣ ಅನ್ನಿಸಿತು. ಡ್ರಾಯರ್‌ನಲ್ಲಿದ್ದ ಎಚ್‌ಬಿ ಪೆನ್ಸಿಲ್ ತೆಗೆದುಕೊಂಡು, ಎ4 ಹಾಳೆಯಲ್ಲಿ ಒಂದು ಗಂಟೆ ಕೂತು ಬಿಡಿಸಿದೆ. ಒಂದೊಂದು ಪುಕ್ಕವನ್ನೂ ಗೆರೆ ಎಳೆದು ತೋರಿಸಿದೆ. ಹೊಟ್ಟೆಯ ಕೆಳಗೆ ಪೆನ್ಸಿಲ್ ಉಜ್ಜಿ, ಬೆರಳಲ್ಲಿ ಸವರಿ ‘ಶೇಡಿಂಗ್’ ಮಾಡಿದೆ. ಹೆಮ್ಮೆಯಿಂದ ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಚಿಕ್ಕಪ್ಪನ ಮಗನಿಂದ ತಕ್ಷಣ ಉತ್ತರ ಬಂತು: “ಅಕ್ಕಾ, ಇದು ನಾಟಿ ಕೋಳೀನಾ, ಫಾರಂದಾ?”

ಅಪ್ಪನಿಗೆ ತೋರಿಸಿದೆ. ಹಾಳೆಯನ್ನು ಕೈಚಾಚಿ ದೂರ ಹಿಡಿದರು, ಹತ್ತಿರ ತಂದರು, ಮತ್ತೆ ದೂರ ಹಿಡಿದರು. “ಇಸ್ತ್ರಿ ಮಾಡಿದಂಗಿದೆ ಕಣೇ” ಅಂದರು. “ಚಪ್ಪಟೆ.”

ಬೆಳಕು ಎಲ್ಲಿಂದ?

ಅಪ್ಪ ತಿಪಟೂರಿನಲ್ಲಿ ಬೋರ್ಡ್ ಬರೆಯುತ್ತಿದ್ದರು. ಕೊಬ್ಬರಿ ಮಂಡಿಗಳ ಬೋರ್ಡು, ಲಾರಿಗಳ ಹಿಂದಿನ ಹುಲಿ, ಹೋಟೆಲ್ ಗೋಡೆಯ ಮೇಲಿನ ಹಬೆಯಾಡುವ ಇಡ್ಲಿ. ಫ್ಲೆಕ್ಸ್ ಬಂದ ಮೇಲೆ ಕೆಲಸ ಒಂದೊಂದಾಗಿ ನಿಂತಿತು. ಅಮ್ಮ ತೀರಿಕೊಂಡ ನಂತರ ನನ್ನ ಜತೆ ಬೆಂಗಳೂರಿಗೆ ಬಂದರು. ಬ್ರಷ್‌ಗಳನ್ನು ಒಂದು ಡಾಲ್ಡಾ ಡಬ್ಬಿಯಲ್ಲಿ ತಂದಿದ್ದಾರೆ. ಮುಟ್ಟಿದ್ದನ್ನು ನಾನು ನೋಡಿಲ್ಲ.

ಎರಡು ಕಣ್ಣಿಗೂ ಪೊರೆ ಬಂದಿತ್ತು. ಬಲಗಣ್ಣಿನದು ತುಂಬ ಬಲಿತಿತ್ತು. ಆಪರೇಷನ್ ಮಾಡಿಸೋಣ ಅಂದಾಗಲೆಲ್ಲ ಅಪ್ಪನ ಉತ್ತರ ಒಂದೇ: “ಹಣ್ಣಾಗ್ಲಿ ಬಿಡು.” ಹಣ್ಣಾಗುವವರೆಗೆ ಕಾಯಬೇಕಿಲ್ಲ ಅಂತ ಡಾಕ್ಟರ್ ಹೇಳಿ ಒಂದು ವರ್ಷ ಆಗಿತ್ತು. ಒಮ್ಮೆ ನಾನು ಜೋರಾಗಿ ಕೇಳಿದಾಗ ನಿಜ ಹೊರಗೆ ಬಂತು. “ಬರೆಯಕ್ಕೆ ಬೋರ್ಡೇ ಇಲ್ಲ. ಕಣ್ಣು ಇಟ್ಕೊಂಡು ಏನ್ ಮಾಡ್ಲಿ?” ಅದಾದ ಮೇಲೆ ಆ ಮಾತು ಎತ್ತೋಕೆ ನನಗೆ ಧೈರ್ಯ ಬಂದಿರಲಿಲ್ಲ.

ಈಗ ನನ್ನ ಚಪ್ಪಟೆ ಹಕ್ಕಿಯನ್ನು ಹಿಡಿದು ಅಪ್ಪ ಕೇಳಿದರು: “ಬೆಳಕು ಎಲ್ಲಿಂದ ಬರ್ತಿದೆ?”

ನಾನು ಸುಮ್ಮನಿದ್ದೆ. ಯೋಚನೆಯನ್ನೇ ಮಾಡಿರಲಿಲ್ಲ.

“ಬೋರ್ಡ್ ಬರೆಯೋನ ಮಗಳು ನೀನು. ಮೊದಲು ಕೇಳಬೇಕಾದ್ದು ಅದೇ ತಾನೇ? ಅಕ್ಷರಕ್ಕೆ ನೆರಳು ಕೊಡುವಾಗ ಬೆಳಕು ಎಡಗಡೆ ಮೇಲಿಂದ ಅಂತ ತೀರ್ಮಾನ ಮಾಡಿದ್ರೆ, ಕೊನೇ ಅಕ್ಷರದವರೆಗೂ ಅಲ್ಲಿಂದಲೇ. ಒಂದೇ ಒಂದು ಅಕ್ಷರದ ನೆರಳು ಆ ಕಡೆ ತಿರುಗಿದ್ರೂ ಇಡೀ ಬೋರ್ಡ್ ಕುಡಿದಂಗೆ ಕಾಣುತ್ತೆ.”

ಅಂದಿನಿಂದ ನಾನು ಹಾಳೆಯ ಮೇಲಿನ ಮೂಲೆಯಲ್ಲಿ ಮೊದಲು ಒಂದು ಸಣ್ಣ ಬಾಣದ ಗುರುತು ಹಾಕುತ್ತೇನೆ. ಬೆಳಕು ಬರುವ ದಿಕ್ಕು. ಸೂರ್ಯ ಸರಿಯುತ್ತಾನೆ, ಮೋಡ ಬರುತ್ತದೆ, ಆದರೆ ಬಾಣ ಅಲ್ಲೇ ಇರುತ್ತದೆ. ನಮ್ಮ ಬಾಲ್ಕನಿ ಪೂರ್ವಕ್ಕಿದೆ. ಎಂಟರಿಂದ ಒಂಬತ್ತರವರೆಗೆ ಎಡಗಡೆಯಿಂದ ಓರೆ ಬಿಸಿಲು. ಲಾಗಿನ್ ಆಗುವ ಮೊದಲು ದಿನಕ್ಕೆ ನಲವತ್ತು ನಿಮಿಷ ಅಂತ ಇಟ್ಟುಕೊಂಡೆ. ನೀವೂ ಒಂದೇ ಹೊತ್ತನ್ನು ಆರಿಸಿಕೊಳ್ಳಿ. ನೆತ್ತಿಯ ಮೇಲಿನ ಬಿಸಿಲು ಬೇಡ. ಓರೆ ಬೆಳಕಿನಲ್ಲೇ ಆಕಾರದ ಉಬ್ಬು ತಗ್ಗು ಚೆನ್ನಾಗಿ ಕಾಣುವುದು.

ಹಕ್ಕಿಗೆ ಮೊದಲು ಮೊಟ್ಟೆ

ಮರುದಿನ ಅಪ್ಪ ಹಕ್ಕಿ ಬಿಡಿಸಲು ಬಿಡಲಿಲ್ಲ. ಫ್ರಿಜ್‌ನಿಂದ ಒಂದು ಕೋಳಿಮೊಟ್ಟೆ ತರಿಸಿ, ಬಿಳಿ ಹಾಳೆಯ ಮೇಲೆ ಕಿಟಕಿಯ ಪಕ್ಕ ಇಡಿಸಿದರು. ಟ್ಯೂಬ್‌ಲೈಟ್ ಆರಿಸಲು ಹೇಳಿದರು. ಎರಡು ಕಡೆಯಿಂದ ಬೆಳಕು ಬಂದರೆ ಎರಡು ನೆರಳು ಬಿದ್ದು ಕಲಿಯುವವರ ತಲೆ ಕೆಡುತ್ತದೆ.

“ಈಗ ಇದರಲ್ಲಿ ಐದು ಕಾಣ್ಬೇಕು” ಅಂದರು. ಅವರ ಭಾಷೆಯಲ್ಲೇ ಹೇಳುತ್ತೇನೆ.

ಮಿಂಚು: ಬೆಳಕು ನೇರವಾಗಿ ಬೀಳುವ ಜಾಗ. ಇಲ್ಲಿ ಪೆನ್ಸಿಲ್ ತಾಗಿಸಬಾರದು. ಕಾಗದದ ಬಿಳಿಯೇ ನಮ್ಮ ಹತ್ತಿರ ಇರುವ ಒಂದೇ ಬಿಳಿ.

ಮಾಸಲು: ಮಿಂಚಿನಿಂದ ಆಚೆ ನಿಧಾನವಾಗಿ ಕಂದುತ್ತಾ ಹೋಗುವ ಭಾಗ. ಮೊಟ್ಟೆಯ ಹೆಚ್ಚು ಪಾಲು ಇದೇ.

ಮಬ್ಬು: ಬೆಳಕು ತಲುಪದೆ ತಿರುಗಿಕೊಳ್ಳುವ ಕಡೆಯ ಗಾಢ ಪಟ್ಟಿ. ಇದು ಅಂಚಿನಲ್ಲಿ ಇರುವುದಿಲ್ಲ, ಅಂಚಿನಿಂದ ತುಸು ಒಳಗೆ ಇರುತ್ತದೆ.

ಮರುಬೆಳಕು: ಕೆಳಗಿನ ಬಿಳಿ ಹಾಳೆಗೆ ಬಡಿದ ಬೆಳಕು ವಾಪಸ್ ಬಂದು ಮೊಟ್ಟೆಯ ತಳದ ಅಂಚಿಗೆ ತಾಗುತ್ತದೆ. ಹಾಗಾಗಿ ತೀರಾ ಅಂಚು, ಮಬ್ಬಿನ ಪಟ್ಟಿಗಿಂತ ಸ್ವಲ್ಪ ತಿಳಿಯಾಗಿರುತ್ತದೆ.

ಬಿದ್ದ ನೆರಳು: ಮೊಟ್ಟೆ ಹಾಳೆಯ ಮೇಲೆ ಚೆಲ್ಲಿದ ನೆರಳು. ಮೊಟ್ಟೆ ತಾಗುವ ಜಾಗದಲ್ಲಿ ಕಡುಕಪ್ಪು, ದೂರ ಹೋದಂತೆ ತಿಳಿ ಮತ್ತು ಅಂಚು ಮೆತ್ತಗೆ.

ನನ್ನ ಮೊದಲ ಹಕ್ಕಿ ಯಾಕೆ ಚಪ್ಪಟೆಯಾಗಿತ್ತು ಅಂತ ಆಗ ಗೊತ್ತಾಯಿತು. ನಾನು ಸುತ್ತ ಗಟ್ಟಿ ಗೆರೆ ಎಳೆದು, ಅಂಚಿಗೆ ಅಂಟಿಕೊಂಡೇ ಕಪ್ಪು ತುಂಬಿದ್ದೆ. ಮರುಬೆಳಕಿಗೆ ಜಾಗವನ್ನೇ ಬಿಟ್ಟಿರಲಿಲ್ಲ. ಅಂಚಿನಲ್ಲಿ ಆ ಒಂದು ಎಳೆ ತಿಳಿ ಬೂದು ಬಿಟ್ಟ ಕೂಡಲೇ ಮೊಟ್ಟೆ ಕಾಗದದಿಂದ ಎದ್ದು ಬಂತು. ನಿಜವಾಗಿಯೂ ಬೆರಳಲ್ಲಿ ಮುಟ್ಟಿ ನೋಡಿದೆ. ಮೂರು ದಿನದಲ್ಲಿ ಆರು ಮೊಟ್ಟೆ ಬಿಡಿಸಿದೆ. ನಾಲ್ಕು ಆಮ್ಲೆಟ್ ಆದವು.

ಸಾಮಾನು ಜಾಸ್ತಿ ಬೇಡ

ಈ ಹಂತದಲ್ಲಿ ನಾನು ಆನ್‌ಲೈನ್‌ನಲ್ಲಿ ಇಪ್ಪತ್ನಾಲ್ಕು ಪೆನ್ಸಿಲ್‌ಗಳ ಸೆಟ್ ಕಾರ್ಟ್‌ಗೆ ಹಾಕಿದ್ದೆ. ಅಪ್ಪ ತೆಗೆಸಿದರು. ನಾಲ್ಕು ಸಾಕು: 2ಎಚ್, ಎಚ್‌ಬಿ, 2ಬಿ, 6ಬಿ. ಪೆನ್ಸಿಲ್ ಕಡ್ಡಿಯನ್ನು ಇಂಗ್ಲಿಷಿನಲ್ಲಿ ಸೀಸ ಅಂತ ಕರೆದರೂ ಒಳಗಿರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ಎರಡನ್ನೂ ಬೆರೆಸಿ ಸುಡುವ ವಿಧಾನಕ್ಕೆ ಫ್ರಾನ್ಸಿನ ನಿಕೊಲಾ ಜಾಕ್ ಕೊಂತೆ 1795ರಲ್ಲಿ ಪೇಟೆಂಟ್ ಪಡೆದ. ಮಣ್ಣು ಹೆಚ್ಚಿದ್ದರೆ ಗಟ್ಟಿ ಮತ್ತು ತಿಳಿ, ಅದು ಎಚ್ ಸಾಲು. ಗ್ರಾಫೈಟ್ ಹೆಚ್ಚಿದ್ದರೆ ಮೆತ್ತಗೆ ಮತ್ತು ಕಪ್ಪು, ಅದು ಬಿ ಸಾಲು. ಇಷ್ಟು ಗೊತ್ತಿದ್ದರೆ ಅಂಗಡಿಯಲ್ಲಿ ಗೊಂದಲವಿಲ್ಲ.

ಕಾಗದದ ಬಗ್ಗೆ ಮಾತ್ರ ಜಿಪುಣತನ ಬೇಡ. ಪ್ರಿಂಟರ್ ಹಾಳೆ ತೀರಾ ನುಣುಪು, ಎರಡು ಪದರಕ್ಕೇ ಪೆನ್ಸಿಲ್ ಜಾರತೊಡಗುತ್ತದೆ. 150 ಜಿಎಸ್‌ಎಂ ಮೇಲಿನ ಕಾರ್ಟ್ರಿಡ್ಜ್ ಹಾಳೆ ತೆಗೆದುಕೊಳ್ಳಿ. ಜತೆಗೆ ಒಂದು ನಾದುವ ರಬ್ಬರ್. ಚಪಾತಿ ಹಿಟ್ಟಿನ ಹಾಗೆ ಮೆತ್ತಗಿರುತ್ತದೆ, ಮೊನೆ ಮಾಡಿ ಒತ್ತಿ ಎತ್ತಿದರೆ ಬೇಕಾದ ಕಡೆ ಮಾತ್ರ ತಿಳಿಯಾಗುತ್ತದೆ. ಕೈಯ ಕೆಳಗೆ ಇಟ್ಟುಕೊಳ್ಳಲು ಒಂದು ಹಾಳೆ ತುಂಡು. ಬೆರಳಲ್ಲಿ ಸವರುವ ನನ್ನ ಅಭ್ಯಾಸಕ್ಕೆ ಅಪ್ಪ ಒಂದೇ ಸಲ ಬೈದರು. ಚರ್ಮದ ಜಿಡ್ಡು ಕಾಗದಕ್ಕೆ ಅಂಟಿ ಕಲೆಯಾಗುತ್ತದೆ, ಆಮೇಲೆ ಆ ಜಾಗದಲ್ಲಿ ಪೆನ್ಸಿಲ್ ಸಮನಾಗಿ ಹಿಡಿಯುವುದಿಲ್ಲ. ಸವರಲೇಬೇಕಿದ್ದರೆ ಟಿಶ್ಯೂ ಅಥವಾ ಕಿವಿಗೆ ಹಾಕುವ ಹತ್ತಿಕಡ್ಡಿ ಸಾಕು.

ಮೂಳೆ ಹುಡುಕಬೇಡಿ, ಉಂಡೆ ಹುಡುಕಿ

ನಾಲ್ಕನೇ ದಿನ ಹಕ್ಕಿಗೆ ಬಂದೆ. ಕಾವು ಕೂತ ಹಕ್ಕಿಗಿಂತ ಒಳ್ಳೆ ಮಾಡೆಲ್ ಸಿಗುವುದಿಲ್ಲ. ಬೆಳವದಲ್ಲಿ ಗಂಡು ಹೆಣ್ಣು ನೋಡಲು ಒಂದೇ ಥರ, ಸರದಿಯ ಮೇಲೆ ಕೂರುತ್ತವೆ. ಶಿಫ್ಟ್ ಬದಲಾಗುವಾಗ ಒಂದು ಬಂದು ಕಂಬಿಯ ಮೇಲೆ ನಿಲ್ಲುತ್ತದೆ, ಇನ್ನೊಂದು ಎದ್ದು ಹೋಗುತ್ತದೆ. ಆ ಅರ್ಧ ನಿಮಿಷದಲ್ಲಿ ನಿಂತ ಹಕ್ಕಿಯ ಫೋಟೊ ತೆಗೆದುಕೊಂಡೆ, ಗಾಜಿನ ಒಳಗಿಂದ, ಫ್ಲ್ಯಾಶ್ ಇಲ್ಲದೆ. ಗೂಡಿನ ಹತ್ತಿರ ಹೋಗಿ ಫೋನ್ ಚಾಚಬೇಡಿ. ಪದೇಪದೇ ಬೆದರಿದರೆ ಹಕ್ಕಿ ಮೊಟ್ಟೆ ಬಿಟ್ಟು ಹೋಗಬಹುದು. ಒಂದು ಚಿತ್ರಕ್ಕೆ ಅಷ್ಟು ಬೆಲೆ ಬೇಡ.

ಮೊದಲು 2ಎಚ್‌ನಲ್ಲಿ, ಕಂಡೂ ಕಾಣದಷ್ಟು ತೆಳುವಾಗಿ, ದೇಹಕ್ಕೆ ಓರೆಯಾದ ಒಂದು ಮೊಟ್ಟೆ, ತಲೆಗೆ ಒಂದು ಸಣ್ಣ ಉಂಡೆ. ಕೊಕ್ಕಿನ ತುದಿಯಿಂದ ಕಣ್ಣಿನ ಮೂಲಕ ಒಂದು ಗೆರೆ ಹಾಯಿಸಿ. ಆ ಗೆರೆಯ ಓರೆ ಸರಿಯಿದ್ದರೆ ಹಕ್ಕಿ ಎತ್ತ ನೋಡುತ್ತಿದೆ ಎಂಬುದು ಸರಿಯಾಗುತ್ತದೆ. ನಮ್ಮಂಥ ಹೊಸಬರು ತಲೆಯನ್ನು ಯಾವಾಗಲೂ ದೊಡ್ಡದು ಮಾಡುತ್ತೇವೆ, ಮುಖದ ಮೇಲೆಯೇ ಗಮನ ಇರುತ್ತದಲ್ಲ. ಬೆಳವದ ತಲೆ ದೇಹಕ್ಕೆ ಹೋಲಿಸಿದರೆ ಆಶ್ಚರ್ಯವಾಗುವಷ್ಟು ಚಿಕ್ಕದು. ಪೆನ್ಸಿಲನ್ನೇ ಅಳತೆಕೋಲು ಮಾಡಿ, ಕೈ ಚಾಚಿ, ಒಂದು ಕಣ್ಣು ಮುಚ್ಚಿ ಅಳೆಯಿರಿ.

ಕಾಲಿನ ವಿಷಯದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಹಕ್ಕಿಯ ಮಂಡಿ ಹಿಂದಕ್ಕೆ ಮಡಿಚಿದ ಹಾಗೆ ಕಾಣುತ್ತದಲ್ಲ, ಅದು ಮಂಡಿಯಲ್ಲ, ಹಿಮ್ಮಡಿಯ ಗಂಟು. ನಿಜವಾದ ಮಂಡಿ ಮೇಲೆ ಪುಕ್ಕದೊಳಗೆ ಅಡಗಿರುತ್ತದೆ. ಹಕ್ಕಿ ನಿಲ್ಲುವುದು ತುದಿಗಾಲ ಮೇಲೆ. ಇದು ಗೊತ್ತಾದರೆ ಕಾಲನ್ನು ಎಲ್ಲಿಂದ ಹೊರಡಿಸಬೇಕು ಅಂತ ತಿಳಿಯುತ್ತದೆ. ದೇಹದ ತೂಕ ಬೆರಳುಗಳ ನೇರಕ್ಕೆ ಬರಬೇಕು, ಇಲ್ಲದಿದ್ದರೆ ಹಕ್ಕಿ ಮುಗ್ಗರಿಸಿ ಬೀಳುವ ಹಾಗೆ ಇರುತ್ತದೆ.

ಬಿಳಿ ಚುಕ್ಕೆ ಬಿಳಿಯಲ್ಲ

ಕುತ್ತಿಗೆಯ ಪಟ್ಟಿಗೆ ಬಂದಾಗ ನಾನು ಸಿಕ್ಕಿಬಿದ್ದೆ. ಕಪ್ಪು ತುಂಬಿ ಚುಕ್ಕೆಗಳನ್ನೆಲ್ಲ ಕಾಗದದ ಬಿಳಿಯಾಗಿ ಬಿಟ್ಟಿದ್ದೆ. ಬೆಳಕಿನ ಕಡೆ ಚೆನ್ನಾಗಿತ್ತು. ನೆರಳಿನ ಕಡೆಯ ಚುಕ್ಕೆಗಳು ಮಾತ್ರ ಸುಣ್ಣ ಎರಚಿದ ಹಾಗೆ ಎದ್ದು ಹೊಡೆಯುತ್ತಿದ್ದವು.

ಅಪ್ಪನಿಗೆ ಒಯ್ದು ತೋರಿಸಿದೆ. ಅವರು ತಮಾಷೆಯೇನೂ ಮಾಡದೆ ಹೇಳಿದರು: “ನನಗೆ ಚುಕ್ಕೆ ಪಕ್ಕೆ ಏನೂ ಕಾಣಲ್ಲ. ಆದ್ರೆ ಕುತ್ತಿಗೆ ಹತ್ರ ಹಾಳೆ ತೂತಾದಂಗೆ ಕಾಣ್ತಿದೆ. ಅಲ್ಲಿ ಬೆಳಕು ಹೆಂಗೆ ಬಂತು?”

ಸರಿಯಾದ ಪ್ರಶ್ನೆ. ಚುಕ್ಕೆ ಬಿಳಿ ಅಂತ ನನಗೆ ಗೊತ್ತಿತ್ತು, ಆದ್ದರಿಂದ ಬಿಳಿ ಬಿಟ್ಟಿದ್ದೆ. ನೋಡಿರಲಿಲ್ಲ. ಬಿಸಿಲಲ್ಲಿ ನಿಂತ ಕಪ್ಪು ಕೊಡೆ ಮತ್ತು ಮಂಚದ ಕೆಳಗಿನ ಬಿಳಿ ಚಪ್ಪಲಿ, ಇವೆರಡರಲ್ಲಿ ಯಾವುದು ಹೆಚ್ಚು ಬೆಳ್ಳಗೆ? ಎಷ್ಟೋ ಸಲ ಕೊಡೆಯೇ. ನೆರಳಿನ ಭಾಗದ ಬಿಳಿ ಚುಕ್ಕೆ, ಬೆಳಕಿನ ಭಾಗದ ಬೂದು ಬೆನ್ನಿಗಿಂತ ಮಾಸಲಾಗಿರುತ್ತದೆ. ಎಚ್‌ಬಿಯಿಂದ ಆ ಚುಕ್ಕೆಗಳ ಮೇಲೆ ಒಂದು ಪದರ ಬೂದು ಎಳೆದೆ. ಕುತ್ತಿಗೆ ತಿರುಗಿತು.

“ಕಣ್ಣು ಕಿರಿದು ಮಾಡಿ ನೋಡು” ಅನ್ನುತ್ತಿದ್ದರು ಅಪ್ಪ. ಕಣ್ಣು ಅರ್ಧ ಮುಚ್ಚಿದರೆ ಸಣ್ಣ ವಿವರಗಳೆಲ್ಲ ಕರಗಿ ಬೆಳಕು ನೆರಳಿನ ದೊಡ್ಡ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ. ಬೋರ್ಡ್ ಬರೆಯುವವರು ರಸ್ತೆಯ ಆಚೆ ಹೋಗಿ ನಿಂತು ಹೀಗೇ ನೋಡುತ್ತಾರಂತೆ. ಫೋನಿನಲ್ಲೂ ಇದಕ್ಕೊಂದು ಉಪಾಯವಿದೆ. ಹಕ್ಕಿಯ ಫೋಟೊ ಮತ್ತು ನಿಮ್ಮ ಚಿತ್ರದ ಫೋಟೊ ಎರಡನ್ನೂ ಕಪ್ಪು ಬಿಳುಪು ಮಾಡಿ, ಹೆಬ್ಬೆರಳಿನ ಗಾತ್ರಕ್ಕೆ ಕುಗ್ಗಿಸಿ ಪಕ್ಕಪಕ್ಕ ಇಟ್ಟುಕೊಳ್ಳಿ. ಎಲ್ಲಿ ತಪ್ಪಿದೆ ಅಂತ ಒಂದೇ ಕ್ಷಣದಲ್ಲಿ ಕಾಣುತ್ತದೆ.

ನಮ್ಮ ಮನೆಯಲ್ಲಿ ಆ ಉಪಾಯ ಬೇಕಾಗಲಿಲ್ಲ. ಅಪ್ಪನ ಕಣ್ಣಿಗೆ ಪೊರೆ ಬಂದು ಇಡೀ ಲೋಕವೇ ಕಿರಿದು ಮಾಡಿ ನೋಡಿದ ಹಾಗಿತ್ತು. ನಾನು ಪ್ರೀತಿಯಿಂದ ಎಳೆದ ಸಣ್ಣ ಗೆರೆಗಳು ಅವರಿಗೆ ಲೆಕ್ಕಕ್ಕೇ ಇಲ್ಲ. ಹೊಟ್ಟೆ ದುಂಡಗಿದೆಯೋ ಇಲ್ಲವೋ, ರೆಕ್ಕೆ ಮೈಗಂಟಿದೆಯೋ ಇಲ್ಲವೋ, ಅಷ್ಟೇ ಕಾಣುವುದು. ದಿನವೂ ಎಂಟೂ ಮುಕ್ಕಾಲಿಗೆ ಹಾಳೆ ಒಯ್ಯುತ್ತಿದ್ದೆ. “ಎದೆ ಬಂತು, ಬಾಲ ಇನ್ನೂ ಮಲಗಿದೆ” ಅನ್ನುತ್ತಿದ್ದರು. ನಾವಿಬ್ಬರು ಅಷ್ಟು ದಿನ ಬಿಡದೆ ಮಾತಾಡಿದ್ದು ನನಗೆ ನೆನಪಿಲ್ಲ.

ಒಂದು ದಿನ ಅಪ್ಪನೇ ಬಾಲ್ಕನಿ ಬಾಗಿಲಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಹಕ್ಕಿಯ ಕಡೆ ನೋಡುತ್ತಾ ಕೂತರು. ತುಂಬ ಹೊತ್ತಾದ ಮೇಲೆ ಕೇಳಿದರು: “ಕುತ್ತಿಗೆ ಮೇಲೆ ಕಪ್ಪು ಪಟ್ಟಿ ಇದ್ದಂಗಿದೆ ಅಲ್ವಾ?”

“ಬರೀ ಪಟ್ಟಿ ಅಲ್ಲಪ್ಪ. ಕಪ್ಪಿನ ಮೇಲೆ ಬಿಳಿ ಚುಕ್ಕೆ. ಕೊರೆದು ಜೋಡಿಸಿದ ಹಾಗೆ.”

“ಓ” ಅಂದರು. ಮತ್ತೆ ಏನೂ ಹೇಳಲಿಲ್ಲ. ಅಪ್ಪನಿಗೆ ಎಷ್ಟು ಕಾಣುತ್ತಿಲ್ಲ ಎಂಬುದು ನನಗೆ ಅಳತೆ ಸಮೇತ ತಿಳಿದದ್ದು ಅವತ್ತೇ. ರಾತ್ರಿ ಊಟ ಮಾಡುವಾಗ ತಟ್ಟೆ ನೋಡುತ್ತಾ ಅಂದರು: “ಡಾಕ್ಟ್ರಿಗೆ ಫೋನ್ ಮಾಡು. ಆ ಚುಕ್ಕೆ ನೋಡ್ಬೇಕು.”

ಪುಕ್ಕ ಎಂದರೆ ಹೆಂಚು

ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಹೆಚ್ಚಿತ್ತು. ಅದು ಹತೋಟಿಗೆ ಬರಲಿ ಅಂತ ಆಪರೇಷನ್ ದಿನವನ್ನು ಮುಂದೆ ಹಾಕಿದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬೆಳವದ ಮೊಟ್ಟೆ ಒಡೆಯಲು ಸುಮಾರು ಎರಡು ವಾರ, ಮರಿ ಹಾರಲು ಇನ್ನು ಸುಮಾರು ಎರಡು ವಾರ. ಆಗಲೇ ಎರಡು ಮರಿ ಹೊರಬಂದಿದ್ದವು. ಅಪ್ಪನ ಕಣ್ಣಿನ ಪಟ್ಟಿ ಬಿಚ್ಚುವ ಹೊತ್ತಿಗೆ ಗೂಡು ಖಾಲಿಯಾಗಿದ್ದರೆ? ಉಳಿಯುವುದು ನನ್ನ ಚಿತ್ರ ಮಾತ್ರ. ಅಲ್ಲಿಯವರೆಗೆ ಸಂತೋಷಕ್ಕೆ ಬಿಡಿಸುತ್ತಿದ್ದವಳು ಆಮೇಲೆ ಹೆದರಿಕೊಂಡು ಬಿಡಿಸತೊಡಗಿದೆ.

ರೆಕ್ಕೆಯ ಕೆಲಸ ಉಳಿದಿತ್ತು. ತಲೆ, ಎದೆಯ ಪುಕ್ಕಗಳು ತುಪ್ಪಳದಷ್ಟು ನಯ, ಅಲ್ಲಿ ಒಂದೊಂದನ್ನು ಬಿಡಿಸಲು ಹೋಗಬಾರದು. ಪುಕ್ಕ ಬೆಳೆದ ದಿಕ್ಕಿನಲ್ಲೇ ಗಿಡ್ಡ ಗಿಡ್ಡ ಗೆರೆಗಳನ್ನು ಪದರ ಪದರವಾಗಿ ಎಳೆದರೆ ಸಾಕು. ಕೊಕ್ಕಿನ ಬುಡದಿಂದ ಹೊರಟು, ಕೆನ್ನೆ ಬಳಸಿ, ಕುತ್ತಿಗೆ ಇಳಿದು, ಬಾಲದ ಕಡೆಗೆ. ಬೆಕ್ಕಿನ ಮೈ ಸವರುವಾಗ ಕೈ ಹೋಗುತ್ತದಲ್ಲ, ಆ ದಿಕ್ಕು.

ರೆಕ್ಕೆ ಮತ್ತು ಬಾಲದಲ್ಲಿ ಮಾತ್ರ ಪುಕ್ಕಗಳನ್ನು ಬಿಡಿಬಿಡಿಯಾಗಿ ತೋರಿಸಬೇಕು. ನಮ್ಮೂರ ಮನೆಯ ಮಂಗಳೂರು ಹೆಂಚು ನೆನಪಿಸಿಕೊಳ್ಳಿ. ಮೇಲಿನ ಸಾಲು ಕೆಳಗಿನ ಸಾಲನ್ನು ಹೊದ್ದಿರುತ್ತದೆ, ಮಳೆ ನೀರು ಒಳಗಿಳಿಯದೆ ಜಾರಿ ಹೋಗುತ್ತದೆ. ಪುಕ್ಕದ ಜೋಡಣೆಯೂ ಹಾಗೇ. ಭುಜದ ಹತ್ತಿರ ಚಿಕ್ಕ ಹೆಂಚುಗಳು, ಕೆಳಗೆ ಬಂದಂತೆ ದೊಡ್ಡವು, ತುದಿಯಲ್ಲಿ ಮಡಿಚಿಟ್ಟ ಬೀಸಣಿಗೆಯಂತೆ ಉದ್ದನೆಯ ಹಾರುಗರಿಗಳು. ಪ್ರತಿ ಪುಕ್ಕದ ಅಂಚಿನ ಕೆಳಗೆ ಒಂದು ಎಳೆ ನೆರಳು ಬೀಳುತ್ತದೆ. ಆದ್ದರಿಂದ ಪುಕ್ಕದ ಸುತ್ತ ಗೆರೆ ಎಳೆಯುವ ಬದಲು, ಅದರ ಅಡಿಯಲ್ಲಿ ನೆರಳು ಇಡಿ. ಅಂಚು ತಾನಾಗಿ ಮೂಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಬಿಡಿಸಿದ ಹಕ್ಕಿಗಳನ್ನು ನೋಡಿ. ಪುಕ್ಕ ಪುಕ್ಕವೂ ನಿಖರ. ಅದು ವಿವರದ ನೈಜತೆ, ನೆರಳು ಬೆಳಕಿನ ಆಟ ಅಲ್ಲಿ ಮುಖ್ಯವಲ್ಲ. ಆ ಮಟ್ಟದ ಕೈ ನಮಗಿಲ್ಲದಿದ್ದರೂ ಪೆನ್ಸಿಲ್‌ನಲ್ಲಿ ಹಕ್ಕಿ ಉಬ್ಬಿ ಬರುವಂತೆ ಮಾಡಬಹುದು, ಬೆಳಕಿನ ಲೆಕ್ಕ ಸರಿಯಿಟ್ಟುಕೊಂಡರೆ. ಹಾಗಾಗಿ ರೆಕ್ಕೆಗೆ ಮೊದಲು ಒಟ್ಟಾಗಿ ನೆರಳು ಹಾಕಿ, ಮೇಲ್ಭಾಗ ತಿಳಿ, ಕೆಳಭಾಗ ಮಬ್ಬು. ಅದು ಒಂದು ದುಂಡು ಆಕಾರವಾಗಿ ಕಂಡ ಮೇಲೆಯೇ ಹೆಂಚು ಜೋಡಿಸಿ. ಬೆಳಕಿನ ಕಡೆ ಕೆಲವು ಪುಕ್ಕಗಳನ್ನು ಬಿಟ್ಟೇ ಬಿಡಿ, ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ.

ಕಣ್ಣನ್ನು ಕೊನೆಗೆ ಇಟ್ಟುಕೊಂಡಿದ್ದೆ. 6ಬಿಯ ಕಡುಕಪ್ಪು ಪಾಪೆ, ಅದರಲ್ಲಿ ಬಾಣದ ಗುರುತಿನ ಕಡೆಗೇ ಒಂದು ಸಾಸಿವೆಗಿಂತ ಚಿಕ್ಕ ಬಿಳಿ. ಅದನ್ನು ಮೊದಲೇ ಗುರುತು ಮಾಡಿ ಬಿಟ್ಟುಕೊಳ್ಳಬೇಕು, ಆಮೇಲೆ ಅಳಿಸಿ ತೆಗೆದರೆ ಅಷ್ಟು ಚೊಕ್ಕ ಬರುವುದಿಲ್ಲ. ರೆಪ್ಪೆಯ ನೆರಳು ಪಾಪೆಯ ಮೇಲಂಚಿಗೆ ಬಿದ್ದರೆ ಕಣ್ಣು ಗುಳಿಯೊಳಗೆ ಕೂರುತ್ತದೆ, ಇಲ್ಲದಿದ್ದರೆ ಗುಂಡಿ ಅಂಟಿಸಿದ ಹಾಗಿರುತ್ತದೆ. ಕಂಬಿಯ ಮೇಲೆ ಹಕ್ಕಿಯ ನೆರಳು ಬೀಳಿಸಿದೆ. ಬೆನ್ನಿನ ಬೆಳಕಿನ ಭಾಗದಲ್ಲಿ ಹೊರಗೆರೆಯನ್ನು ನಾದುವ ರಬ್ಬರಿನಿಂದ ಎತ್ತಿ ತೆಗೆದೆ. ಅಲ್ಲಿ ಹಕ್ಕಿ ಮತ್ತು ಬೆಳಕು ಒಂದಕ್ಕೊಂದು ಸೇರಿಹೋದವು.

ಹನ್ನೊಂದನೇ ಬೆಳಗ್ಗೆ ಅಪ್ಪ ಹಾಳೆಯನ್ನು ದೂರ ಹಿಡಿದು ನೋಡಿ, “ಹೂಂ, ಉಸಿರಾಡ್ತಿದೆ” ಅಂದರು.

ಪಟ್ಟಿ ಬಿಚ್ಚಿದ ದಿನ

ಒಂದು ಶನಿವಾರ ಮರಿಗಳಲ್ಲಿ ಮೊದಲನೆಯದು ಕಂಬಿಗೆ ಹಾರಿತು. ಭಾನುವಾರ ಎರಡನೆಯದು. ಸೋಮವಾರ ಕುಂಡದಲ್ಲಿ ಕಡ್ಡಿ ಮತ್ತು ಹಿಕ್ಕೆ ಮಾತ್ರ. ಅಪ್ಪನ ಬಲಗಣ್ಣಿನ ಆಪರೇಷನ್ ಆದದ್ದು ಬುಧವಾರ.

ಗುರುವಾರ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದರು. ಅಪ್ಪ ಮೊದಲು ಹೇಳಿದ್ದು, “ಗೋಡೆ ಇಷ್ಟು ಬೆಳ್ಳಗಿದೆಯಾ?” ಪೊರೆ ಹಳದಿಗಟ್ಟಿರುತ್ತದೆ, ಅದರ ಮೂಲಕ ವರ್ಷಗಟ್ಟಲೆ ನೋಡಿದವರಿಗೆ ಬಿಳಿ ಎಂಬುದೇ ಮರೆತಿರುತ್ತದೆ ಅಂತ ಡಾಕ್ಟರ್ ವಿವರಿಸಿದರು. ಕಾರಿನಲ್ಲಿ ಬರುವಾಗ ದಾರಿಯುದ್ದಕ್ಕೂ ಬೋರ್ಡ್ ಓದುತ್ತಾ ಬಂದರು. ಓದುವುದಕ್ಕಿಂತ ಬಯ್ಯುವುದೇ ಜಾಸ್ತಿ. “ಆ ‘ಕ್ಷ’ಕ್ಕೆ ಏನ್ ಮಾಡಿದ್ದಾರೆ ನೋಡು.”

ಮನೆಗೆ ಬಂದವರೇ ಬಾಲ್ಕನಿಗೆ ಹೋದರು. ಕುಂಡ ನೋಡಿದರು. ನಾನು ಏನೂ ಹೇಳಲಿಲ್ಲ, ಹೇಳುವಂಥದ್ದು ಇರಲಿಲ್ಲ. ಒಳಗಿನಿಂದ ಚಿತ್ರ ತಂದು ಕೈಗೆ ಕೊಟ್ಟೆ.

ಈ ಸಲ ದೂರ ಹಿಡಿಯಲಿಲ್ಲ. ಕನ್ನಡಕವಿಲ್ಲದ ಆ ಹೊಸ ಕಣ್ಣಿಗೆ ಹತ್ತಿರದ್ದು ಇನ್ನೂ ಸರಿಯಾಗಿ ಕೂಡುತ್ತಿರಲಿಲ್ಲ. ಡ್ರಾಯರ್‌ನಲ್ಲಿದ್ದ ಭೂತಗನ್ನಡಿ ತರಿಸಿಕೊಂಡರು. ಕುತ್ತಿಗೆಯ ಮೇಲೆ ಅದನ್ನು ಇಟ್ಟು ಚುಕ್ಕೆಗಳನ್ನು ಒಂದೊಂದಾಗಿ ನೋಡಿದರು. ಬೆಳಕಿನ ಕಡೆಯವು, ಆಮೇಲೆ ನಾನು ಬೂದು ಬಳಿದ ನೆರಳಿನ ಕಡೆಯವು. ಭೂತಗನ್ನಡಿ ರೆಕ್ಕೆಯ ಮೇಲೆ ಇಳಿಯಿತು, ಹೆಂಚುಗಳನ್ನು ದಾಟಿತು, ಬಾಲಕ್ಕೆ ಹೋಗಿ ಕಾಲಿಗೆ ಬಂತು. ಅಲ್ಲಿ ನಿಂತಿತು.

“ಕಾಲು ತಪ್ಪು” ಅಂದರು.

“ಯಾಕೆ?”

“ಬೆರಳು ಕಂಬಿ ಹಿಡಿದಿಲ್ಲ. ಮೇಲೆ ಇಟ್ಟಂಗಿದೆ. ಮೂರು ಬೆರಳು ಮುಂದಿಂದ ಬಳಸ್ಬೇಕು, ಒಂದು ಹಿಂದಿಂದ ಬಂದು ಬಿಗಿಬೇಕು. ಬೆರಳಿನ ಅಡಿಗೆ ಕೂದಲೆಳೆಯಷ್ಟು ಕಪ್ಪು ಕೊಡು, ಆಗ ಭಾರ ಬರುತ್ತೆ.” ಸ್ವಲ್ಪ ತಡೆದು ಸೇರಿಸಿದರು: “ಮೊದಲು ನನಗೆ ಕಂಡಿರಲಿಲ್ಲ.”

ನಾನು ಫೋಟೊ ತೆಗೆದು ನೋಡಿದೆ. ಅವರು ಹೇಳಿದ್ದೇ ಸರಿ. ಹನ್ನೊಂದು ದಿನ ದಿನವೂ ನೋಡಿದ ಕಾಲನ್ನು ನಾನೂ ನೋಡಿರಲಿಲ್ಲ.

ಸರಿಪಡಿಸಲು ಪೆನ್ಸಿಲ್ ತೆಗೆದುಕೊಂಡು ಕೂತೆ. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಐದು ನಿಮಿಷ ನಾನು ತಡಕಾಡುವುದನ್ನು ನೋಡಿ, “ಇಲ್ಲಿ ಕೊಡು” ಅಂತ ಕೈ ಚಾಚಿದರು. ಕಣ್ಣಿಗೆ ಆಯಾಸ ಕೊಡಬಾರದು, ದಿನಕ್ಕೆ ನಾಲ್ಕು ಸಲ ಡ್ರಾಪ್ಸ್, ಧೂಳು ತಾಗಬಾರದು ಅಂತ ಡಾಕ್ಟರ್ ಕೊಟ್ಟ ಚೀಟಿ ಫ್ರಿಜ್ ಮೇಲಿತ್ತು. ನಾನು ಒಂದು ಕ್ಷಣ ಅದನ್ನು ನೋಡಿದೆ, ಆಮೇಲೆ 2ಬಿ ಅವರ ಕೈಗೆ ಕೊಟ್ಟೆ. ಎರಡೇ ಎರಡು ನಿಮಿಷ. ಕೈ ತುಸು ನಡುಗಿತು, ಆದರೂ ಹಿಂದಿನ ಬೆರಳು ಕಂಬಿಯನ್ನು ಬಿಗಿಯಾಗಿ ಹಿಡಿಯಿತು.

ಎಡಗಣ್ಣಿನ ಆಪರೇಷನ್ ಮುಂದಿನ ತಿಂಗಳು. ದಿನ ಗೊತ್ತುಮಾಡಿಸಿಕೊಂಡು ಬಂದದ್ದು ಅಪ್ಪನೇ. ದಾಸವಾಳದ ಕುಂಡ ಎಸೆಯುವ ವಿಚಾರ ಕೈಬಿಟ್ಟಿದ್ದೇನೆ. ಬೆಳವಗಳು ಹಳೆಯ ಗೂಡಿಗೇ ಮರಳಿ ಬರುವುದುಂಟು. ಆ ಕಡೆಗೆ ಮುಖ ಮಾಡಿ ಬಾಗಿಲ ಹತ್ತಿರ ಈಗ ಎರಡು ಕುರ್ಚಿ ಹಾಕಿದ್ದೇವೆ.